ಹುಲಿ, ಕಪ್ಪೆ, ಚಿಪ್ಪುಹಂದಿ: ಪುಟ್ಟ ಮಕ್ಕಳಿಗೆ ಪ್ರಾಣಿಗಳ ಚಿತ್ರಪುಸ್ತಕ ಆರಿಸುವ ಬಗೆ

"ಮಗುವಿಗೆ ಮೂರು ವರ್ಷ. ಪ್ರಾಣಿ ಅಂದ್ರೆ ಪ್ರಾಣ. ಯಾವ ಪುಸ್ತಕ ಕೊಡಿಸಲಿ?" ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಓದುಗರು ಇದನ್ನು ಮತ್ತೆ ಮತ್ತೆ ಕೇಳುತ್ತಾರೆ. ಹತ್ತು ಪುಸ್ತಕಗಳ ಹೆಸರು ಬರೆದುಕೊಟ್ಟರೆ ನಮಗೂ ಕೆಲಸ ಸುಲಭ. ಆದರೆ ಪ್ರತಿಗಳು ಮುಗಿದ ಕನ್ನಡ ಚಿತ್ರಪುಸ್ತಕ ಮರುಮುದ್ರಣ ಆಗುವುದು ಯಾವಾಗ ಎಂದು ಹೇಳಲಾಗದು. ಪಟ್ಟಿ ಹಿಡಿದು ಹೋದವರಿಗೆ ಅದರಲ್ಲಿದ್ದದ್ದು ಸಿಗದೆ, ಕೊನೆಗೆ ಅಂಗಡಿಯಲ್ಲಿ ಇದ್ದ ಯಾವುದೋ ಒಂದನ್ನು ಹಿಡಿದು ಬರುತ್ತಾರೆ. ಹಾಗಾಗಿ ಇಲ್ಲಿ ಪಟ್ಟಿಯಿಲ್ಲ. ಕೈಗೆ ಬಂದ ಪುಸ್ತಕವನ್ನು ಅಂಗಡಿಯಲ್ಲೇ ನಿಂತು ಐದು ನಿಮಿಷದಲ್ಲಿ ಅಳೆಯುವ ಕ್ರಮ ಇದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಚಿತ್ರವಿರುವ ಪುಸ್ತಕವೆಲ್ಲ ಚಿತ್ರಪುಸ್ತಕವಲ್ಲ. ಪುಟಕ್ಕೆ ಒಂಬತ್ತು ಪ್ರಾಣಿ ಕೂರಿಸಿ ಕೆಳಗೆ ಹೆಸರು ಅಚ್ಚು ಹಾಕಿದ್ದು ಚಾರ್ಟ್. ಒಂದು ಪುಟ ಕಥೆ, ಪಕ್ಕದಲ್ಲೊಂದು ಅಲಂಕಾರದ ಚಿತ್ರ ಇದ್ದರೆ ಅದು ಸಚಿತ್ರ ಕಥೆ. ಚಿತ್ರಪುಸ್ತಕದಲ್ಲಿ ಅರ್ಧ ಕಥೆಯನ್ನು ಚಿತ್ರವೇ ಹೇಳುತ್ತದೆ. "ಕಪ್ಪೆಗೆ ಏನೂ ಕಾಣಲಿಲ್ಲ" ಎಂದು ಮಾತು ಹೇಳುವಾಗ, ಕಪ್ಪೆಯ ಬೆನ್ನ ಹಿಂದೆ ಕೇರೆ ಹಾವು ಚಿತ್ರದಲ್ಲಿ ಮಾತ್ರ ಇರುತ್ತದೆ. ಅದನ್ನು ಮೊದಲು ಕಂಡುಹಿಡಿಯುವುದು ಓದಲು ಬಾರದ ಮಗು, ಓದುತ್ತಿರುವ ನೀವಲ್ಲ. ಮಗು ಪುಸ್ತಕಕ್ಕೆ ಅಂಟಿಕೊಳ್ಳುವುದು ಅಲ್ಲಿಂದಲೇ.

1. ವಯಸ್ಸಿಗೆ ತಕ್ಕ ಆಕಾರ

ಒಂದೂವರೆ ವರ್ಷದವರೆಗೆ: ಬೋರ್ಡ್ ಬುಕ್, ಅಂದರೆ ಹಾಳೆಯ ಬದಲು ದಪ್ಪ ರಟ್ಟಿನ ಪುಟಗಳಿರುವ ಪುಸ್ತಕ. 8ರಿಂದ 12 ಪುಟ, ಪುಟಕ್ಕೆ ಒಂದೇ ಪ್ರಾಣಿ, ಹಿನ್ನೆಲೆ ಖಾಲಿ. ಹುಟ್ಟಿದ ಹೊಸತರಲ್ಲಿ ಮಗುವಿಗೆ ಸ್ಪಷ್ಟವಾಗಿ ಕಾಣುವುದು 20–30 ಸೆಂ.ಮೀ. ದೂರ ಮಾತ್ರ. ತಿಳಿ ಬಣ್ಣಗಳಿಗಿಂತ ಕಪ್ಪು–ಬಿಳಿಯ ಗಾಢ ರೇಖೆ ಬೇಗ ಹಿಡಿಸುತ್ತದೆ. ಮೂಲೆ ದುಂಡಗಿರಬೇಕು. ಪುಸ್ತಕ ಬಾಯಿಗೆ ಹೋಗಿಯೇ ಹೋಗುತ್ತದೆ, ಅದಕ್ಕೆ ಬಯ್ಯಬೇಡಿ.

ಒಂದೂವರೆಯಿಂದ ಮೂರು: ಒಂದೇ ಸಾಲು ಪುಟಪುಟದಲ್ಲೂ ಮರಳಿ ಬರುವಂಥದ್ದು. "ಯಾರು ಬಂದ್ರು? ಕಾಗೆ ಬಂತು. ಯಾರು ಬಂದ್ರು? ಕರು ಬಂತು." ಮೂರನೇ ಪುಟದ ಹೊತ್ತಿಗೆ ಮಗು ತಾನೇ ಹೇಳಲು ಶುರುಮಾಡುತ್ತದೆ. ಮುಚ್ಚಳ ಎತ್ತಿ ನೋಡುವ ಪುಸ್ತಕಗಳನ್ನು ಮಕ್ಕಳು ಇಷ್ಟಪಡುತ್ತಾರೆ, ಆದರೆ ಆ ಮುಚ್ಚಳಗಳು ತಿಂಗಳೊಪ್ಪತ್ತಿನಲ್ಲಿ ಹರಿಯುತ್ತವೆ. ದುಬಾರಿಯದನ್ನು ಕೊಳ್ಳುವ ಮುನ್ನ ಯೋಚಿಸಿ.

ಮೂರರಿಂದ ಐದು: 12ರಿಂದ 24 ಪುಟ, ಪುಟಕ್ಕೆ ಒಂದರಿಂದ ಮೂರು ಸಾಲು. ಒಂದು ಪುಟ್ಟ ತೊಂದರೆ, ಅದಕ್ಕೊಂದು ದಾರಿ. ಪುಸ್ತಕಗಳು 16, 24, 32 ಪುಟ ಎಂದೇ ಯಾಕಿರುತ್ತವೆ ಎಂದು ಕೆಲವರು ಕೇಳುತ್ತಾರೆ. ದೊಡ್ಡ ಹಾಳೆಯ ಎರಡೂ ಬದಿ ಅಚ್ಚು ಹಾಕಿ ಮಡಚಿ ಕತ್ತರಿಸಿದಾಗ ಪುಟಗಳು ಎಂಟು, ಹದಿನಾರು ಎಂದೇ ಬರುತ್ತವೆ, ಅಷ್ಟೇ.

ಐದರಿಂದ ಏಳು: ತಾನೇ ಓದಲು ತೊಡಗುವ ಕಾಲ. ಈಗ ಕಥೆಯ ಜೊತೆಗೆ ಮಾಹಿತಿ ಪುಸ್ತಕವನ್ನೂ ಸೇರಿಸಿ: ಇರುವೆ ಗೂಡು ಕಟ್ಟುವುದು, ಗೊದಮೊಟ್ಟೆ ಕಪ್ಪೆಯಾಗುವುದು. "ನಮ್ಮ ಮಗು ಜಾಣ" ಎಂದು ಮೂರು ವರ್ಷದ ಮಗುವಿಗೆ ಈ ಹಂತದ್ದನ್ನು ತರುವುದು ಸಾಮಾನ್ಯ ತಪ್ಪು. ಮಗು ಎದ್ದು ಹೋಗುತ್ತದೆ. ಮನೆಯವರು "ಇದಕ್ಕೆ ಪುಸ್ತಕ ಅಂದ್ರೆ ಆಗಲ್ಲ" ಎಂದು ತೀರ್ಮಾನಿಸಿಬಿಡುತ್ತಾರೆ.

2. ಮಾತು ಮುಚ್ಚಿ ಚಿತ್ರ ನೋಡಿ

ಅಕ್ಷರಗಳ ಮೇಲೆ ಅಂಗೈ ಇಟ್ಟು ಮೊದಲಿನಿಂದ ಕೊನೆಯವರೆಗೆ ಪುಟ ತಿರುಗಿಸಿ. ಕಥೆ ಮುಕ್ಕಾಲುಪಾಲು ತಿಳಿದರೆ ಪುಸ್ತಕ ಗಟ್ಟಿ. ಎಲ್ಲ ಪುಟದಲ್ಲೂ ಪ್ರಾಣಿ ಒಂದೇ ಭಂಗಿಯಲ್ಲಿ, ಒಂದೇ ನಗೆಯಲ್ಲಿ ನಿಂತಿದ್ದರೆ ಇಟ್ಟುಬಿಡಿ. ಕಂಪ್ಯೂಟರಿನಲ್ಲಿ ಒಂದೇ ಮೊಲವನ್ನು ನಕಲು ಮಾಡಿ ಹನ್ನೆರಡು ಪುಟಕ್ಕೂ ಅಂಟಿಸಿದ ಪುಸ್ತಕಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ.

ಜೋಡಿಪುಟದ ನಡುವನ್ನೂ ನೋಡಿ. ಜೋಡಿಪುಟ ಎಂದರೆ ಪುಸ್ತಕ ತೆರೆದಾಗ ಎದುರುಬದುರು ಕಾಣುವ ಎರಡು ಪುಟ. ಆನೆಯ ಮುಖ ಸರಿಯಾಗಿ ಆ ಮಡಿಕೆಯೊಳಗೆ ಸೇರಿಹೋಗಿದ್ದರೆ ಪುಸ್ತಕ ಮಾಡಿದವರು ಮಗುವನ್ನು ನೆನೆದು ಮಾಡಿಲ್ಲ.

3. ಪ್ರಾಣಿ ಅದೇನಾ?

ನಮ್ಮ ಭಾಗದವರು ಅತಿ ಹೆಚ್ಚು ಎಡವುವುದು ಇಲ್ಲಿ. ಮಲೆನಾಡಿನ ಮಗುವಿನ ಕಿವಿಗೆ ದಿನವೂ ಕುಟುರ ಹಕ್ಕಿಯ ಕೂಗು, ರಾತ್ರಿ ನರಿಯ ಊಳು ಬೀಳುತ್ತಿರುತ್ತವೆ. ಪುಸ್ತಕದ ಪ್ರಾಣಿಯನ್ನು ಅದು ಹಿತ್ತಿಲಿನ ಪ್ರಾಣಿಯ ಜೊತೆ ತಾಳೆ ಹಾಕುತ್ತದೆ. ತಾಳೆಯಾಗದಿದ್ದರೆ ನಿಮ್ಮನ್ನು ಕೇಳುತ್ತದೆ. ಉತ್ತರ ನಿಮಗೆ ಗೊತ್ತಿರಬೇಕು.

ಅನುವಾದವಾಗಿ ಬಂದ ಪುಸ್ತಕಗಳಲ್ಲಿ ಈ ಹೆಸರುಗಳನ್ನು ವಿಶೇಷವಾಗಿ ಪರೀಕ್ಷಿಸಿ.

ಮುಳ್ಳುಹಂದಿ: ಚಿತ್ರದಲ್ಲಿ ಅಂಗೈಯಗಲದ ಪ್ರಾಣಿ ಚೆಂಡಿನಂತೆ ಸುರುಳಿಯಾಗಿದ್ದರೆ ಅದು ನಮ್ಮ ಮುಳ್ಳುಹಂದಿಯಲ್ಲ, ಹೆಜ್‌ಹಾಗ್ ಎಂಬ ಬೇರೆಯೇ ಪ್ರಾಣಿ. ನಮ್ಮದು ನಾಯಿಯಷ್ಟು ದೊಡ್ಡದು, ಉದ್ದ ಕಪ್ಪು–ಬಿಳಿ ಮುಳ್ಳಿನದು, ಸುರುಳಿಯಾಗುವುದೇ ಇಲ್ಲ. ಮಲೆನಾಡಿನಲ್ಲಿ ಹಾಗೆ ಸುತ್ತಿಕೊಳ್ಳುವುದು ಚಿಪ್ಪುಹಂದಿ.

ನರಿ: ಕೆಂಪು ಮೈ, ಪೊದೆಯಂಥ ಬಾಲ, ಬಾಲದ ತುದಿ ಬಿಳಿ ಇದ್ದರೆ ಯೂರೋಪಿನ ಕೆಂಪು ನರಿ. ನಮ್ಮ ಗುಡ್ಡದಲ್ಲಿ ಊಳಿಡುವುದು ಬೂದುಗಂದು ಬಣ್ಣದ ಗುಳ್ಳೆನರಿ. ಇಂಗ್ಲಿಷಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಹೆಸರು. ನಮ್ಮಲ್ಲಿ ಎರಡೂ ನರಿಯೇ.

ಕರಡಿ: ಕಂದು ಬಣ್ಣದ ಗೊಂಬೆ ಕರಡಿ ಎಲ್ಲೆಲ್ಲೂ. ನಮ್ಮ ಕರಡಿ ಕಪ್ಪು, ಕೂದಲು ಜೋಲುವಂಥದ್ದು, ಎದೆಯ ಮೇಲೆ ಬಿಳಿ ಗುರುತು, ಮೂತಿ ಉದ್ದ, ಗೆದ್ದಲು ಹೀರುವುದು.

ಆನೆ: ಕಿವಿ ಭುಜ ಮುಚ್ಚುವಷ್ಟು ಅಗಲವಾಗಿದ್ದರೆ ಆಫ್ರಿಕಾದ್ದು. ನಮ್ಮಲ್ಲಿ ಕಿವಿ ಚಿಕ್ಕದು, ನೆತ್ತಿಯಲ್ಲಿ ಎರಡು ಉಬ್ಬು, ಹೆಣ್ಣಿಗೆ ಹೊರಗೆ ಎದ್ದು ಕಾಣುವ ದಂತ ಇರದು. ಮಗುವನ್ನು ಸಕ್ರೆಬೈಲಿನ ಬಿಡಾರಕ್ಕೆ ಕರೆದೊಯ್ದವರಿಗೆ ಈ ಪ್ರಶ್ನೆ ಖಚಿತ: "ಅಮ್ಮ ಆನೆಗೆ ಪುಸ್ತಕದಲ್ಲಿ ಕೊಂಬಿತ್ತಲ್ಲ?"

ಕೋಗಿಲೆ: ಕಪ್ಪು ಕೋಗಿಲೆ ಗೂಡಿನಲ್ಲಿ ಕೂತು ಮರಿಗೆ ತುತ್ತು ಕೊಡುವ ಚಿತ್ರ ಕನ್ನಡದ್ದೇ ಪುಸ್ತಕಗಳಲ್ಲೂ ಬರುತ್ತದೆ. ಕುಹೂ ಎನ್ನುವ ಕಪ್ಪು ಹಕ್ಕಿ ಗಂಡು. ಹೆಣ್ಣು ಕಂದು, ಮೈತುಂಬ ಬಿಳಿ ಚುಕ್ಕೆ. ಗೂಡು ಕಟ್ಟುವ ಪೈಕಿಯೇ ಅಲ್ಲ, ಮೊಟ್ಟೆ ಇಡುವುದು ಕಾಗೆಯ ಗೂಡಿನಲ್ಲಿ.

ಸಿಂಹ: ದಟ್ಟ ಕಾಡಿನ ರಾಜ ಎಂದು ಚಿತ್ರಿಸದ ಪುಸ್ತಕವೇ ಇಲ್ಲ. ಸಿಂಹದ್ದು ಹುಲ್ಲುಗಾವಲು, ಕುರುಚಲು ಕಾಡು. ಭಾರತದಲ್ಲಿ ಅದು ಸ್ವತಂತ್ರವಾಗಿ ಇರುವುದು ಗುಜರಾತಿನ ಗಿರ್ ಸುತ್ತಮುತ್ತ ಮಾತ್ರ. ತ್ಯಾವರೆಕೊಪ್ಪದ ಸಫಾರಿಯಲ್ಲಿ ಸಿಂಹ ನೋಡಿದ ಮಗು ಅದು ಇಲ್ಲಿನದೇ ಎಂದುಕೊಳ್ಳುವುದು ಸಹಜ. ಒಂದು ಮಾತು ಹೇಳಿಬಿಡಿ.

ಕಾಲು ಎಣಿಸಿ. ಜೇಡಕ್ಕೆ ಎಂಟು, ಇರುವೆಗೆ ಆರು. ಪೆಂಗ್ವಿನ್ ಮತ್ತು ಹಿಮಕರಡಿ ಒಂದೇ ಮಂಜುಗಡ್ಡೆಯ ಮೇಲೆ ಕೂತಿದ್ದರೆ ಅದು ತಪ್ಪು, ಒಂದು ದಕ್ಷಿಣಾರ್ಧಗೋಳದ್ದು, ಇನ್ನೊಂದು ಉತ್ತರ ಧ್ರುವದ್ದು.

ಇಷ್ಟೆಲ್ಲ ಹೇಳಿದರೂ, ಅಂಗಿ ತೊಟ್ಟು ಶಾಲೆಗೆ ಹೋಗುವ ಇಲಿಯನ್ನು ತಪ್ಪೆಂದು ಬಿಸಾಡಬೇಡಿ. ಅದು ಆಟ ಎಂದು ಮಗುವಿಗೆ ಗೊತ್ತು. ಮಾಹಿತಿ ಎಂದು ಹೇಳಿಕೊಂಡು ತಪ್ಪು ಬರೆದ ಪುಸ್ತಕಕ್ಕೆ ಮಾತ್ರ ಕಟ್ಟುನಿಟ್ಟು ಇರಲಿ. ಹಾವು ಹಾಲು ಕುಡಿಯುತ್ತದೆ ಎನ್ನುವ 'ವಿಜ್ಞಾನ' ಪುಸ್ತಕಕ್ಕೆ ರಿಯಾಯಿತಿ ಬೇಡ.

ಕಾಡಿನ ಪ್ರಾಣಿಯನ್ನು ಮುಟ್ಟಿ ಮುದ್ದಿಸುವ, ಮಂಗಕ್ಕೆ ಕೈಯಾರೆ ಹಣ್ಣು ತಿನ್ನಿಸುವ ಕಥೆಗಳ ಬಗ್ಗೆ ನಮ್ಮ ಜಿಲ್ಲೆಯವರು ಇನ್ನೊಂದು ಹೆಜ್ಜೆ ಎಚ್ಚರ ವಹಿಸಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆ ರಕ್ತ ಹೀರುವ ಉಣ್ಣೆಹುಳದಿಂದ (ಉಣುಗು) ಹರಡುತ್ತದೆ. ಸತ್ತುಬಿದ್ದ ಮಂಗದ ಸುತ್ತ ಆ ಉಣ್ಣೆಗಳು ಇರುತ್ತವೆ. ಪುಸ್ತಕ ಓದಿ, ಜೊತೆಗೆ "ನಾವು ಮಾತ್ರ ದೂರದಿಂದಲೇ ನೋಡೋದು" ಎನ್ನಿ.

4. ಗಟ್ಟಿಯಾಗಿ ಓದಿ, ಕನ್ನಡ ಅಲ್ಲೇ ತಿಳಿಯುತ್ತದೆ

ಎರಡು ಪುಟ ದನಿ ಬಿಟ್ಟು ಓದಿ. ಅಂಗಡಿಯಲ್ಲಿ ನಾಚಿಕೆಯಾದರೆ ತುಟಿ ಅಲ್ಲಾಡಿಸಿ ಸಾಕು. ಉಸಿರು ಎಲ್ಲಿ ತಡವರಿಸಿತೋ ಅಲ್ಲಿ ಅನುವಾದ ಕೆಟ್ಟಿದೆ.

ಪ್ರಾಣಿಯ ಲಿಂಗ ನೋಡಿ. ಕನ್ನಡದಲ್ಲಿ ಪ್ರಾಣಿ "ಅದು": ಮೊಲ ಬಂತು, ನಾಯಿ ಹೋಯಿತು. ಕಥೆಯ ಪಾತ್ರವಾದಾಗ ಮೊಲರಾಯ ಬಂದ, ಇಲಿಯಮ್ಮ ಬಂದಳು ಎನ್ನುವುದೂ ನಮ್ಮ ಕಥೆಗಳ ರೂಢಿಯೇ. ಎರಡೂ ಸರಿ, ಬೆರಕೆ ಮಾತ್ರ ಕೂಡದು. ಒಂದು ಪುಟದಲ್ಲಿ "ಆಮೆ ನಡೆಯಿತು", ಮುಂದಿನದರಲ್ಲಿ "ಅವನು ದಣಿದಿದ್ದ" ಎಂದಾದರೆ ಮಗು ಪುಟ ಹಿಂದಕ್ಕೆ ತಿರುಗಿಸಿ "ಯಾರು ಅವನು?" ಎಂದು ಹುಡುಕುತ್ತದೆ.

ಕೂಗು ನೋಡಿ. ನಾಯಿ ಬೌ ಬೌ ಎನ್ನಬೇಕು, ಹಸು ಅಂಬಾ, ಹುಂಜ ಕೊಕ್ಕೊಕ್ಕೋ, ಕಪ್ಪೆ ವಟರ್ ವಟರ್, ಹಾವು ಬುಸ್. ಕನ್ನಡದ ಪುಸ್ತಕದಲ್ಲಿ ನಾಯಿ "ವೂಫ್" ಎಂದರೆ ಅನುವಾದಕರು ಅವಸರದಲ್ಲಿದ್ದರು ಎಂದು ತಿಳಿಯಿರಿ. ಪೆನ್ಸಿಲಿನಲ್ಲಿ ತಿದ್ದಿಕೊಂಡು ಓದಬಹುದು.

ಬಯ್ಗುಳವಾದ ಪ್ರಾಣಿಗಳ ಕಡೆಗೂ ಗಮನವಿರಲಿ. ಪಶ್ಚಿಮದ ಕಥೆಗಳಲ್ಲಿ ಗೂಬೆ ಜ್ಞಾನಿ. ನಮ್ಮಲ್ಲಿ ಅದು ಅಪಶಕುನ, ಮೇಲಾಗಿ ಬಯ್ಗುಳ. ಅಜ್ಜಿ ಒಂದು ಹೇಳಿ ಪುಸ್ತಕ ಇನ್ನೊಂದು ಹೇಳಿದರೆ ಕೆಡುಕೇನಿಲ್ಲ. ಗೂಬೆ ಇಲಿ ಹಿಡಿದು ಗದ್ದೆ ಕಾಯುತ್ತದೆ ಎಂದು ಸೇರಿಸಿದರೆ ಗದ್ದೆಯಿರುವ ಮನೆಯಲ್ಲಿ ಆ ವಾದ ನಡೆಯುತ್ತದೆ.

ಮಗು ತಾನೇ ಓದಲಿ ಎಂದಿದ್ದರೆ ಒತ್ತಕ್ಷರ ಎಣಿಸಿ. ಶುರುವಿನ ಓದಿಗೆ ಪುಟಕ್ಕೆ ಎರಡು ಮೂರಕ್ಕಿಂತ ಹೆಚ್ಚು ಬೇಡ, ಅದೂ ಅಪ್ಪ, ಬೆಕ್ಕು, ಹಳ್ಳ ಎಂಬಂಥ ಸಜಾತಿ ಒತ್ತುಗಳೇ ಇರಲಿ (ಅದೇ ಅಕ್ಷರಕ್ಕೆ ಅದೇ ಅಕ್ಷರದ ಒತ್ತು). 'ಸ್ವಾತಂತ್ರ್ಯ' ಬಂದರೆ ಮಗು ಅಲ್ಲೇ ನಿಲ್ಲುತ್ತದೆ. ಒತ್ತು ಬಿಟ್ಟು ಅಕ್ಷರದ ಎತ್ತರ 4–5 ಮಿ.ಮೀ. ಇರಲಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗಬಾರದು. ಪದವನ್ನು ಒಡೆದು ಮುಂದಿನ ಸಾಲಿಗೆ ಹಾಕಿದ ಪುಸ್ತಕ ಈ ವಯಸ್ಸಿಗೆ ಆಗದು.

ಮನೆಯಲ್ಲಿ ಹವ್ಯಕ ಕನ್ನಡ, ಲಂಬಾಣಿ, ಉರ್ದು, ಕೊಂಕಣಿ ಆಡುವವರು "ಪುಸ್ತಕದ ಕನ್ನಡವನ್ನೇ ಓದಬೇಕಾ?" ಎಂದು ಕೇಳುತ್ತಾರೆ. ಮೊದಲ ಎರಡು ಸಲ ಮನೆಮಾತಿನಲ್ಲೇ ಚಿತ್ರ ತೋರಿಸಿ ಹೇಳಿ. ಆಮೇಲೆ ಅಚ್ಚಾದದ್ದನ್ನು ಓದಿ. ಕಥೆ ಗೊತ್ತಿರುವುದರಿಂದ ಹೊಸ ಪದ ತಾನೇ ಕೂರುತ್ತದೆ.

5. ಸಾವು, ಭಯ, ನೀತಿ

ಪಂಚತಂತ್ರ ಎಂದಾಕ್ಷಣ ಮಕ್ಕಳ ಕಥೆ ಎಂದುಕೊಳ್ಳುತ್ತೇವೆ. ಅದು ಹುಟ್ಟಿದ್ದು ರಾಜಕುಮಾರರಿಗೆ ರಾಜನೀತಿ ಕಲಿಸಲು. ದುರ್ಗಸಿಂಹ ಹನ್ನೊಂದನೇ ಶತಮಾನದಲ್ಲಿ ಅದನ್ನು ಕನ್ನಡಕ್ಕೆ ತಂದದ್ದೂ ಎಳೆಗೂಸುಗಳಿಗಲ್ಲ. ಮೋಸ, ಕೊಲೆ, ನಂಬಿಕೆದ್ರೋಹ ಅದರಲ್ಲಿ ತುಂಬಿವೆ. ಹೆಚ್ಚಿನವನ್ನು ಐದರ ನಂತರವೇ ಆರಿಸಿ ಕೊಡಿ. ಮೂರರ ಮಗುವಿಗೆ ಬಾವಿಗೆ ಹಾರಿದ ಸಿಂಹದ ಕಥೆ ಸಾಕು, ಕೊಕ್ಕರೆ ಮೀನುಗಳನ್ನು ಒಂದೊಂದಾಗಿ ತಿಂದದ್ದು ಬೇಡ. ಪುಣ್ಯಕೋಟಿಯ ಹಾಡೂ ಹಾಗೆಯೇ. ದನಿಗೆ ಮನಸೋಲುವ ಮಗು, ಕೊನೆಗೆ ಹುಲಿ ಪ್ರಾಣ ಬಿಡುವಲ್ಲಿ ಅಳುತ್ತದೆ. ಅಳಲಿ, ಆದರೆ ಮಲಗುವ ಹೊತ್ತಿಗೆ ಅದನ್ನು ತೆಗೆಯಬೇಡಿ.

ಚಿರತೆ, ಆನೆ ಓಡಾಡುವ ಊರಿನ ಮಗುವಿಗೆ ಭಯ ಕಥೆಯದ್ದಲ್ಲ, ನಿಜದ್ದು. ಕೊಟ್ಟಿಗೆಯ ನಾಯಿಯನ್ನು ಚಿರತೆ ಹೊತ್ತ ವಾರದಲ್ಲಿ ಚಿರತೆ ಪುಸ್ತಕ ಬದಿಗಿರಲಿ.

ಕೊನೆಯ ಪುಟದಲ್ಲಿ ಚೌಕಟ್ಟು ಹಾಕಿ "ನೀತಿ:" ಎಂದಿದ್ದರೆ ಅದನ್ನು ಓದದೇ ಮುಚ್ಚಿ. ಇದು ನಮ್ಮ ಅಭಿಪ್ರಾಯ, ಒಪ್ಪದವರು ಓದಿಕೊಳ್ಳಬಹುದು.

6. ಕಟ್ಟು ಮತ್ತು ಕಾಗದ

ನಡುವೆ ಪಿನ್ ಹೊಡೆದ ಪುಸ್ತಕ ಪೂರ್ತಿ ಅಗಲವಾಗಿ ತೆರೆಯುತ್ತದೆ, ಆದರೆ ಮೂರರ ಕೆಳಗಿನ ಮಗುವಿಗೆ ಪಿನ್ ಅಪಾಯ. ಬೆನ್ನಿಗೆ ಅಂಟು ಹಾಕಿದ್ದು ಚೆಂದ ಕಂಡರೂ ಬಲವಾಗಿ ತೆರೆದರೆ ಹಾಳೆ ಕಳಚುತ್ತದೆ. ಹೊಲಿಗೆ ಹಾಕಿದ್ದು ಸಿಕ್ಕರೆ ಭಾಗ್ಯ. ಕಾಗದದ ದಪ್ಪವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಒಂದು ಚದರ ಮೀಟರ್ ಹಾಳೆಯ ತೂಕ ಎಷ್ಟು ಗ್ರಾಂ ಎಂದರ್ಥ. 120ರ ಆಸುಪಾಸು ಇದ್ದರೆ ಹಿಂದಿನ ಚಿತ್ರ ಮುಂದಕ್ಕೆ ಇಣುಕುವುದಿಲ್ಲ. ಬೆಳಕಿಗೆ ಹಿಡಿದು ನೋಡಿದರೂ ತಿಳಿಯುತ್ತದೆ.

7. ಎಲ್ಲಿ ಸಿಗುತ್ತದೆ

ಕಡಿಮೆ ಬೆಲೆಗೆ ನ್ಯಾಷನಲ್ ಬುಕ್ ಟ್ರಸ್ಟ್ (1957ರಲ್ಲಿ ಸ್ಥಾಪನೆ), ಪ್ರಥಮ್ ಬುಕ್ಸ್, ನವಕರ್ನಾಟಕ ನೋಡಿ. ಕನ್ನಡ–ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿರುವ ಪುಸ್ತಕ ಬೇಕೆಂದರೆ ಚೆನ್ನೈನ ತೂಲಿಕಾ. ಪುಸ್ತಕ ಮೇಳಗಳಲ್ಲಿ ಇವುಗಳ ಮಳಿಗೆ ಕಂಡರೆ ಅಲ್ಲೇ ಕೂತು ಮೇಲಿನ ಪರೀಕ್ಷೆ ಮಾಡಿ. ಆನ್‌ಲೈನಿನಲ್ಲಿ ಮುಖಪುಟ ಮಾತ್ರ ನೋಡಿ ತರಿಸಿದವರಿಗೆ ಅಂಗೈಯಷ್ಟೇ ಗಾತ್ರದ ಪುಸ್ತಕ ಬಂದಿರುವುದುಂಟು. ಉದ್ದ–ಅಗಲ, ಪುಟಸಂಖ್ಯೆ, ಭಾಷೆ ಮೂರನ್ನೂ ಓದಿ.

ಕೊಳ್ಳುವ ಮೊದಲು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿಬನ್ನಿ, ಈಗ ಅದನ್ನು ಅರಿವು ಕೇಂದ್ರ ಎನ್ನುತ್ತಾರೆ. ಮಗುವಿಗೆ ಯಾವ ಬಗೆ ಹಿಡಿಸುತ್ತದೆ ಎಂದು ಅಲ್ಲಿ ಖರ್ಚಿಲ್ಲದೆ ತಿಳಿಯಬಹುದು.

ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತ. ಅವು ಮುಕ್ತ ಪರವಾನಗಿಯವು, ಅಂದರೆ ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡು ಯಾರು ಬೇಕಾದರೂ ಅಚ್ಚು ಹಾಕಿಕೊಳ್ಳಬಹುದು. ಓದುವ ಹಂತ ನಾಲ್ಕು. ಐದರೊಳಗಿನವರಿಗೆ ಮೊದಲ ಹಂತ ಸಾಕು. ಅಚ್ಚು ಹಾಕಿಸುವುದು ಹೀಗೆ: ಪಿಡಿಎಫ್ ಇಳಿಸಿಕೊಳ್ಳಿ, ಜೆರಾಕ್ಸ್ ಅಂಗಡಿಯಲ್ಲಿ ಎ4 ಹಾಳೆ ಅಡ್ಡ ಇಟ್ಟು ಬಣ್ಣದಲ್ಲಿ ಒಂದೇ ಬದಿ ಮುದ್ರಿಸಿ ಎನ್ನಿ, 100 ಜಿಎಸ್‌ಎಂ ಹಾಳೆ ಕೇಳಿ, ಎಡಬದಿಗೆ ಪ್ಲಾಸ್ಟಿಕ್ ಸ್ಪೈರಲ್ ಹಾಕಿಸಿ. ಲೋಹದ ತಂತಿಯ ಸ್ಪೈರಲ್ ಬೇಡ, ತುದಿ ಚುಚ್ಚುತ್ತದೆ. ಮೊದಲು ಒಂದೇ ಪುಟ ತೆಗೆಸಿ ನೋಡಿ. ಕೆಲವು ಮುದ್ರಣಯಂತ್ರಗಳಲ್ಲಿ ಅಂಚಿನ ಸಾಲೇ ಕತ್ತರಿಸಿಹೋಗುತ್ತದೆ. "ಪುಟಕ್ಕೆ ಹೊಂದಿಸಿ" ಎಂದರೆ ಸರಿಯಾಗುತ್ತದೆ.

8. ಓದುವ ಹೊತ್ತು

ಹತ್ತು ನಿಮಿಷ. ಪುಟ ತಿರುಗಿಸುವ ಕೆಲಸ ಮಗುವಿಗೆ ಬಿಡಿ. ಪುಟಪುಟಕ್ಕೂ "ಇದೇನು? ಬಣ್ಣ ಯಾವುದು? ಇಂಗ್ಲಿಷಿನಲ್ಲಿ ಏನಂತಾರೆ?" ಎಂದು ಪರೀಕ್ಷೆ ನಡೆಸಿದರೆ ಮೂರನೇ ದಿನಕ್ಕೆ ಮಗು ಪುಸ್ತಕ ಕಂಡು ಓಡುತ್ತದೆ. ಸುಮ್ಮನೆ ನಿಲ್ಲಿ, ಅದೇ ಬೆರಳಿಡುತ್ತದೆ. ಒಂದೇ ಪುಸ್ತಕವನ್ನು ನಲವತ್ತು ಸಲ ಕೇಳಿದರೆ ನಲವತ್ತು ಸಲ ಓದಿ. ಬೇಸರ ನಿಮ್ಮದು, ಮಗುವಿನದ್ದಲ್ಲ.

ಪುಸ್ತಕದ ಹಕ್ಕಿಯನ್ನು ನಿಜಕ್ಕೆ ಕೂಡಿಸುವುದಿದ್ದರೆ ಮಳೆಗಾಲದಲ್ಲಿ ಮಂಡಗದ್ದೆ ಅನುಕೂಲ. ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿರುತ್ತವೆ, ದಡದಿಂದಲೇ ಕಾಣುತ್ತವೆ. ಪುಸ್ತಕ ಚೀಲದಲ್ಲಿರಲಿ, ಪ್ಲಾಸ್ಟಿಕ್ ಕವರಿನೊಳಗೆ.

9. ಮಳೆಗಾಲದಲ್ಲಿ ಪುಸ್ತಕ ಉಳಿಸಿಕೊಳ್ಳುವುದು

ಬಯಲುಸೀಮೆಯವರಿಗೆ ಈ ಹಂತ ಬೇಕಿಲ್ಲ. ಆಗುಂಬೆ, ಹುಲಿಕಲ್ಲು ಕಡೆಯವರು ಇದನ್ನೇ ಮೊದಲು ಓದಬೇಕು.

ಜೂನ್ ಹಿಡಿಯುವ ಮೊದಲೇ ಪುಸ್ತಕದ ಗೂಡನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆಯಿರಿ. ಪುಸ್ತಕಗಳನ್ನು ನಿಲ್ಲಿಸಿ, ಒತ್ತೊತ್ತಾಗಿ ತುರುಕಬೇಡಿ, ಗಾಳಿಯಾಡಬೇಕು. ಟ್ರಂಕಿನಲ್ಲಿ ಮುಚ್ಚಿಟ್ಟರೆ ಸುರಕ್ಷಿತ ಎಂದುಕೊಳ್ಳುವವರು ಹೆಚ್ಚು. ಒದ್ದೆ ಗಾಳಿಯ ದಿನ ಮುಚ್ಚಿದರೆ ಆ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ, ಹೊಗೆಗೆ ಹಾಳೆ ಹಳದಿಯಾಗಿ ಮುರಿಯುತ್ತದೆ.

ನುಸಿಗುಳಿಗೆ ಮಕ್ಕಳ ಪುಸ್ತಕದ ಹತ್ತಿರ ಸುಳಿಯಬಾರದು. ಅದು ವಿಷ, ನೋಡಲು ಪೆಪ್ಪರ್ಮಿಂಟಿನಂತೆ ಇರುತ್ತದೆ. ಹೊಸ ಚೀಲ, ಬೂಟುಗಳೊಳಗೆ ಬರುವ ತೇವ ಹೀರುವ ಹರಳಿನ ಪೊಟ್ಟಣವೂ ಮಗುವಿನ ಕೈಗೆಟುಕುವಲ್ಲಿ ಬೇಡ. ಒಣಗಿದ ಬೇವಿನೆಲೆಯನ್ನು ಬಟ್ಟೆಯಲ್ಲಿ ಕಟ್ಟಿ ಗೂಡಿನ ಮೂಲೆಗೆ ಇಟ್ಟರೆ ಸಾಕು, ಜೊತೆಗೆ ವಾರಕ್ಕೊಮ್ಮೆ ಪುಸ್ತಕ ಕೆಳಗಿಳಿಸಿ ಕೊಡವಿ. ದಿನವೂ ಓದುವ ಪುಸ್ತಕಕ್ಕೆ ಹುಳ ಹಿಡಿಯುವುದು ಕಡಿಮೆ. ಬೆನ್ನಿನ ಅಂಟು ತಿನ್ನುವ ಬೆಳ್ಳಿಬಣ್ಣದ ಹುಳಕ್ಕೆ ಅಲುಗಾಟ ಆಗದು.

ಬೂಷ್ಟು ಬಂದರೆ ಮಗುವನ್ನು ದೂರ ಕಳಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊರಗೆ ಜಗಲಿಯಲ್ಲಿ ಒಣ ಬಟ್ಟೆಯಿಂದ ಒರೆಸಿ. ಒದ್ದೆ ಬಟ್ಟೆ ಬೂಷ್ಟನ್ನು ಹಾಳೆಯ ಒಳಕ್ಕೆ ಇಳಿಸುತ್ತದೆ.

ನುಣುಪು ಹಾಳೆಯ ಪುಸ್ತಕ ನೆನೆದರೆ ಹಾಗೇ ಒಣಗಲು ಬಿಡಬೇಡಿ, ಪುಟಗಳು ಒಂದಕ್ಕೊಂದು ಅಂಟಿ ಮತ್ತೆ ಬಿಡಿಸಲು ಬಾರದು. ಒದ್ದೆಯಿರುವಾಗಲೇ ಪ್ರತಿ ಪುಟದ ನಡುವೆ ಬೆಣ್ಣೆ ಕಾಗದ ಹಾಕಿ, ಫ್ಯಾನಿನ ಗಾಳಿಗೆ ನಿಲ್ಲಿಸಿ, ಆಗಾಗ ಕಾಗದ ಬದಲಿಸಿ. ಪೂರ್ತಿ ಒಣಗಿದ ಮೇಲೆ ಎರಡು ದಿನ ದಪ್ಪ ಪುಸ್ತಕಗಳ ಅಡಿಗೆ ಇಟ್ಟರೆ ಸೊಟ್ಟ ಇಳಿಯುತ್ತದೆ. ಬೋರ್ಡ್ ಬುಕ್ ನೆನೆದರೆ ಮಾತ್ರ ಆಸೆ ಬಿಡಿ, ರಟ್ಟಿನ ಪದರಗಳು ಎದ್ದುಬರುತ್ತವೆ. ಹಾಳಾಗದ ಪುಟಗಳ ಪ್ರಾಣಿಗಳನ್ನು ಕತ್ತರಿಸಿ ಕೊಟ್ಟರೆ ಮಗು ಅದರಲ್ಲೇ ಬೇರೊಂದು ಆಟ ಹೂಡುತ್ತದೆ. ಪಿನ್ ತುಕ್ಕು ಹಿಡಿದಿದ್ದರೆ ಕಿತ್ತು, ಅದೇ ತೂತಿನಲ್ಲಿ ದಪ್ಪ ನೂಲು ಎರಡು ಸುತ್ತು ಹಾಯಿಸಿ ಹಿಂಬದಿಗೆ ಗಂಟು ಹಾಕಿ.